ಎ ಮುದ್ರೆಯ ಕಂಟ್ರೋಲು, ಮೊಮ್ಮಗಳ ಅಂಗೈ

ಸಂತೋಷದ ಸುದ್ದಿ ಇದ್ದವರು ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಾರೆ. ನನಗೂ ಅದು ನಾಲಗೆಯ ತುದಿಗೇ ಬಂದು ಕೂತಿದೆ. ಆದರೂ ತಡೆದುಕೊಳ್ಳುತ್ತೇನೆ. ತಾಂಡ್ಯದ ಒಂದು ಕಾರ್ಖಾನೆಯ ಲೈನಿನಲ್ಲಿ ಕೂತು ಕೆಲಸ ಕಲಿತವಳು ನಾನು. ಅಲ್ಲಿ ಕೊನೆಯ ಮೇಜಿನ ಕೆಲಸ ಯಾವತ್ತೂ ಮೊದಲ ಮೇಜಿಗೆ ಬರುತ್ತಿರಲಿಲ್ಲ. ಓದಿದ್ದು ಏಳನೇ ಕ್ಲಾಸು. ಅಕ್ಷರ ದುಂಡಗಿದೆ ಎಂದು ಮಗಳು ಹೇಳುತ್ತಾಳೆ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಸಾರು ಕುದಿಯುವಾಗ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ಉಪ್ಪು ಖಾರ ನೋಡುವುದು. ಮೊಮ್ಮಗಳು ನಡೆಯಲು ಕಲಿತಾಗಿನಿಂದ ಆ ಕೆಲಸ ಅವಳದು. ಮಗಳನ್ನು ಕೊಟ್ಟಿರುವುದು ತಿ. ನರಸೀಪುರಕ್ಕೆ, ನಾನಿರುವುದು ನಂಜನಗೂಡಿನಲ್ಲಿ. ರಜೆಗೆ ಬಂದಾಗಲೆಲ್ಲ ಒಲೆಯ ಪಕ್ಕ ನಿಂತು ಬಲಗೈ ಚಾಚುತ್ತಿದ್ದಳು. ನಾನು ಊದಿ ಆರಿಸಿ ಒಂದು ತೊಟ್ಟು ಬಿಡುತ್ತಿದ್ದೆ. ನೆಕ್ಕಿ, ಕಣ್ಣು ಮುಚ್ಚಿ, ದೊಡ್ಡ ಬಾಣಸಿಗರ ಹಾಗೆ ತೀರ್ಪು ಕೊಡುತ್ತಿದ್ದಳು.

ಈಗ ಅವಳಿಗೆ ಹನ್ನೊಂದು. ಕಳೆದ ಬೇಸಿಗೆ ರಜೆಯಲ್ಲಿ ಹೆಮ್ಮಿಗೆಯಲ್ಲಿ, ಅಳಿಯನ ಜಮೀನಿನ ಹತ್ತಿರ, ಕಾಲುವೆ ಏರಿಯ ಮೇಲೆ ಸೈಕಲ್ಲಿನಿಂದ ಬಿದ್ದಳು. ಬಲ ಮುಂಗೈಯ ಎರಡು ಮೂಳೆಯೂ ಮುರಿದವು. ಮೈಸೂರಿನಲ್ಲಿ ಆಪರೇಷನ್ ಮಾಡಿ ಪ್ಲೇಟು ಕೂರಿಸಿದರು. ಮೂಳೆ ಚೆನ್ನಾಗಿಯೇ ಕೂಡಿತು. ಪಟ್ಟಿ ಬಿಚ್ಚಿದ ಮೇಲೆ ಮೊಣಕೈ ಮಡಚುತ್ತಿತ್ತು, ಬೆರಳು ಆಡುತ್ತಿದ್ದವು. ಮುಂಗೈ ಮಾತ್ರ ತಿರುಗುತ್ತಿರಲಿಲ್ಲ. ಹೆಬ್ಬೆರಳು ಮೇಲೆ ಮಾಡಿಕೊಂಡು ನಿಂತ ಕೈ, ಆ ಕಡೆಗಿಷ್ಟು ಈ ಕಡೆಗಿಷ್ಟು ಸರಿದು, ತುಕ್ಕು ಹಿಡಿದ ಬಾಗಿಲ ಹಾಗೆ ಕಚ್ಚಿಕೊಳ್ಳುತ್ತಿತ್ತು. ಅಂಗೈ ಮೇಲೆ ಮಾಡು ಎಂದರೆ ಭುಜವೆಲ್ಲ ವಾಲಿಸುತ್ತಿದ್ದಳೇ ಹೊರತು ಅಂಗೈ ಮೇಲಾಗುತ್ತಿರಲಿಲ್ಲ.

ನಾನು ನೋಡಲು ಹೋದ ದಿನ ಅಭ್ಯಾಸಬಲದಿಂದ ಸೌಟು ಹಿಡಿದು ಕರೆದೆ. ಅವಳು ಬಂದಳು. ಕೈ ಚಾಚಿದಳು. ಸಾರಿನ ತೊಟ್ಟು ಅಂಗೈಯಲ್ಲಿ ನಿಲ್ಲದೆ ಮಣಿಕಟ್ಟಿಗೆ ಇಳಿದು ಹೋಯಿತು. ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು, "ಚಮಚದಲ್ಲಿ ಕೊಡಜ್ಜಿ" ಎಂದಳು. ಆಮೇಲೆ ಅಡುಗೆಮನೆಗೆ ಬರುವುದನ್ನೇ ಬಿಟ್ಟಳು.

ತಿ. ನರಸೀಪುರದಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಒಬ್ಬ ಮೇಡಂ ಇದ್ದಾರೆ. ಮಗಳ ಜೊತೆ ನಾನೂ ಹೋದೆ. ಅವರು ಮೊಮ್ಮಗಳ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಒಂದು ಸುತ್ತಿಗೆ ಕೊಟ್ಟು ನಿಧಾನವಾಗಿ ಹೊರಳಿಸಲು ಹೇಳಿದರು. ಮೂರು ಸಲಕ್ಕೆ ಅವಳ ಕಣ್ಣು ತುಂಬಿತು.

"ಮೂಳೆ ಅಡ್ಡ ಬರ್ತಿಲ್ಲ ಅಜ್ಜಿ. ಗಟ್ಟಿಯಾಗಿರೋದು ಮಾಂಸ, ನರ, ಹೆದರಿಕೆ. ಐದು ವಾರಕ್ಕೆ ಡಾಕ್ಟರ ಹತ್ತಿರ ಮತ್ತೆ ತೋರಿಸಬೇಕಲ್ಲ, ಅಷ್ಟರೊಳಗೆ ಬಿಡಿಸಿಕೊಂಡರೆ ಸರಿ. ಇಲ್ಲದಿದ್ದರೆ ಅವರು ಇನ್ನೊಂದು ಆಪರೇಷನ್ ಮಾತಾಡಬಹುದು."

"ಮನೇಲಿ ಮಾಡು ಅಂದ್ರೆ ಮಾಡಲ್ಲ ಮೇಡಂ. ಸುತ್ತಿಗೆ ನೋಡಿದ್ರೇ ಅಳ್ತಾಳೆ" ಎಂದಳು ಮಗಳು.

"ದಿನಕ್ಕೆ ಇನ್ನೂರು ಸಲ ತಿರುಗಬೇಕಮ್ಮ. ಅವಳಿಗೆ ಗೊತ್ತೇ ಆಗದ ಹಾಗೆ ತಿರುಗಿಸೋ ಏನಾದರೂ ಇದ್ದರೆ ನೋಡಿ."

ತಿರುಗಿಸುವುದು. ಆ ಮಾತು ನನ್ನ ಕಿವಿಯಲ್ಲೇ ನಿಂತಿತು. ನಾವು ಕಾರ್ಖಾನೆಯಲ್ಲಿ ಮಾಡುತ್ತಿದ್ದದ್ದು ವಾಲ್ಯೂಮ್ ಕಂಟ್ರೋಲು. ರೇಡಿಯೋದ ಕಿವಿ ಹಿಂಡಿದರೆ ಒಳಗೆ ತಿರುಗುತ್ತದಲ್ಲ, ಅದು. ಕುದುರೆಲಾಳದ ಆಕಾರದ ಒಂದು ಕಪ್ಪು ಕಾರ್ಬನ್ ಪಟ್ಟಿ, ಅದರ ಮೇಲೆ ಓಡಾಡುವ ಒಂದು ಹಿತ್ತಾಳೆ ಬೆರಳು, ಹೊರಗೆ ವೈರು ಬೆಸೆಯಲು ಮೂರು ಕಾಲು. ನನ್ನ ಮೇಜಿನಲ್ಲಿ ಬೆರಳು ಕೂರಿಸಿ, ಮುಚ್ಚಳ ಮಡಚಿ, ಬೆನ್ನಿಗೆ "ಎ" ಎಂದು ಮುದ್ರೆ ಹೊಡೆಯುತ್ತಿದ್ದೆವು. ಪಕ್ಕದ ಶೆಡ್ಡಿನವರು "ಬಿ" ಹೊಡೆಯುತ್ತಿದ್ದರು. ಅದೇನು ಎ, ಇದೇನು ಬಿ ಎಂದು ಒಮ್ಮೆ ಸೂಪರ್‌ವೈಸರನ್ನು ಕೇಳಿದ್ದೆ. "ಎ ಅಂದ್ರೆ ಎ ಕಣಮ್ಮ, ಕೈ ಓಡ್ಸು" ಎಂದಿದ್ದರು. ಕೈ ಓಡಿಸಿದೆ.

ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ಟೆಸ್ಟಿಂಗ್ ಮೇಜಿನಲ್ಲಿದ್ದ ಹುಡುಗ ನಂಜನಗೂಡಿನಲ್ಲೇ ಟಿವಿ ರಿಪೇರಿ ಅಂಗಡಿ ಇಟ್ಟ. ಈಗ ಅವನ ತಲೆಯೂ ನೆರೆತಿದೆ, ಆದರೂ ನನಗೆ ಹುಡುಗನೇ. ಇತ್ತೀಚೆಗೆ ಜನ ಹಳೇ ಕಾಲದ ಟಿವಿ ಗೇಮ್ ಮೆಷಿನ್ನುಗಳನ್ನು ಹುಡುಕಿ ಹುಡುಕಿ ಇಟ್ಟುಕೊಳ್ಳುತ್ತಾರಂತೆ, ಎಲ್ಲೆಲ್ಲಿಂದಲೋ ಅವನಿಗೆ ರಿಪೇರಿಗೆ ಬರುತ್ತವೆ. ಒಮ್ಮೆ ನನ್ನ ಮಿಕ್ಸಿ ತರಲು ಹೋದಾಗ ಒಂದು ದುಂಡನೆಯ ನಾಬ್ ತಿರುಗಿಸುತ್ತಾ ಟಿವಿಯಲ್ಲಿ ಚೆಂಡು ಹೊಡೆಯುತ್ತಿದ್ದ. ಅದು ನೆನಪಾಯಿತು. ಮಾರನೇ ಬೆಳಿಗ್ಗೆಯೇ ಹೋದೆ.

"ಅಕ್ಕೋ, ಮಿಕ್ಸಿ ಮತ್ತೆ ಕೆಡ್ತಾ?"

"ಮಿಕ್ಸಿ ಚೆನ್ನಾಗದೆ ಕಣ್ಲಾ. ನೀನು ಆಡ್ತಿದ್ದೆಯಲ್ಲ, ಆ ತಿರುಗ್ಸೋ ಆಟ ತೋರ್ಸು."

ಅವನು ನಗಲಿಲ್ಲ. ವಿಷಯ ಕೇಳಿದ ಮೇಲೆ ಅವನದೇ ಸ್ವಂತದ ಒಂದು ಮೆಷಿನ್ನನ್ನು ಅಟ್ಟದಿಂದ ಇಳಿಸಿ, ಚಿಕ್ಕದೊಂದು ಡಬ್ಬಾ ಟಿವಿಗೆ ಸಿಕ್ಕಿಸಿದ. ಪರದೆಯ ಕೆಳಗೆ ಒಂದು ಅಡ್ಡಪಟ್ಟಿ, ಮೇಲೆ ಇಟ್ಟಿಗೆಗಳ ಸಾಲು, ನಡುವೆ ಒಂದು ಚೆಂಡು. ನಾಬ್ ತಿರುಗಿಸಿದರೆ ಪಟ್ಟಿ ಎಡಕ್ಕೂ ಬಲಕ್ಕೂ ಸರಿಯಬೇಕು. ಸರಿಯುತ್ತಿತ್ತು, ಆದರೆ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು.

"ಈ ಮೆಷಿನ್ನಿಗೆ ನಾನು ಎಷ್ಟು ತಿರುಗ್ಸಿದೆ ಅಂತ ಹೆಂಗ್ಲಾ ತಿಳೀತದೆ?" ಎಂದು ಕೇಳಿದೆ. ಕೆಲಸಕ್ಕೆ ಕೈ ಹಾಕುವ ಮೊದಲು ಇದು ತಿಳಿಯಲೇಬೇಕು ಎಂದು ನನಗೆ ಅನಿಸಿತ್ತು.

"ಅದಕ್ಕೆ ಕಣ್ಣಿಲ್ಲ ಕಣಕ್ಕ, ಲೆಕ್ಕ ಹಾಕ್ತದೆ ಅಷ್ಟೇ. ಒಳಗೊಂದು ಸಣ್ಣ ಕೆಪಾಸಿಟರ್ ಅದೆ. ಮೊದ್ಲು ಅದನ್ನ ಖಾಲಿ ಮಾಡ್ತದೆ. ಆಮೇಲೆ ಈ ಕಂಟ್ರೋಲ್ ಮೂಲಕ ಕರೆಂಟ್ ಬಿಡ್ತದೆ. ಟಿವಿ ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಚಿತ್ರ ಬರೀತದಲ್ಲ, ಒಂದೊಂದ್ ಗೆರೆಗೂ ಒಂದೊಂದ್ಸಲ ಕೇಳ್ತದೆ. ತುಂಬ್ತಾ? ಇಲ್ಲ. ತುಂಬ್ತಾ? ಇಲ್ಲ. ತುಂಬ್ತಾ? ಹೂಂ. ಎಷ್ಟನೇ ಗೆರೆಗೆ ಹೂಂ ಅಂತೋ ಅದೇ ನಿನ್ ಕೈ ಇರೋ ಜಾಗ. ಮತ್ತೆ ಖಾಲಿ, ಮತ್ತೆ ಲೆಕ್ಕ. ಒಂದು ಸೆಕೆಂಡಿಗೆ ಐವತ್ತು ಅರವತ್ತು ಸಲ."

ನನಗೆ ತಕ್ಷಣ ಹೊಳೆಯಿತು. ಬೀದಿ ನಲ್ಲಿಗೆ ಕೊಡ ಇಟ್ಟು ಒಂದು ಎರಡು ಎಂದು ಎಣಿಸಿದ ಹಾಗೆ. ನಲ್ಲಿ ಜೋರಾಗಿ ತಿರುಗಿಸಿದ್ದರೆ ಇಪ್ಪತ್ತಕ್ಕೇ ತುಂಬುತ್ತದೆ, ಸಣ್ಣಗೆ ಬಿಟ್ಟಿದ್ದರೆ ನೂರಾಗುತ್ತದೆ. ನಲ್ಲಿಯನ್ನು ನೋಡದೆಯೇ, ಎಣಿಕೆಯಿಂದಲೇ, ಅದು ಎಷ್ಟು ತಿರುಗಿದೆ ಎಂದು ಹೇಳಬಹುದು. ಹಾಗೆಂದಾಗ ಅವನು, "ಅಕ್ಕ, ನಾನು ಇದನ್ನ ಕಲಿಯೋಕೆ ಮೂರು ತಿಂಗಳಾಗಿತ್ತು" ಎಂದ. ನಾನು ನೀರು ಹಿಡಿದವಳು, ಅವನು ಹಿಡಿದವನಲ್ಲ.

ಅವನ ಬಳಿ ಇನ್ನೊಂದು ಕ್ಯಾಸೆಟ್ ಇತ್ತು. ಅದನ್ನು ಹಾಕಿದರೆ ಆಟ ಇಲ್ಲ, ಎಣಿಕೆಯ ನಂಬರ್ ಮಾತ್ರ ಪರದೆಯ ಮೇಲೆ ದೊಡ್ಡದಾಗಿ ಬರುತ್ತದೆ. ನಾಬ್ ಮುಟ್ಟದೆ ಸುಮ್ಮನೆ ಬಿಟ್ಟರೂ ನಂಬರ್ ಹತ್ತು ಹದಿನೈದು ಮೇಲೆ ಕೆಳಗೆ ಹಾರುತ್ತಿತ್ತು. ಕಂಟ್ರೋಲಿನ ಕಾರ್ಬನ್ ಪಟ್ಟಿ ಸವೆದಿದೆ ಎಂದು ಇಬ್ಬರಿಗೂ ಗೊತ್ತಾಯಿತು.

ಇಲ್ಲಿ ನಾನು ತಪ್ಪು ಮಾಡಿದೆ. ನಮ್ಮ ಲೈನಿನಲ್ಲಿ ಒಂದು ನಿಯಮವಿತ್ತು. ಕೆಟ್ಟ ಪೀಸನ್ನು ಯಾರೂ ಬಿಚ್ಚಿ ನೋಡಬಾರದು, ಕೆಂಪು ಡಬ್ಬಕ್ಕೆ ಹಾಕಿ ಹೊಸದು ತೆಗೆದುಕೊಳ್ಳಬೇಕು. ಆ ನಿಯಮ ನನ್ನ ಕೈಯೊಳಗೆ ಸೇರಿಹೋಗಿದೆ. ಹಳೆಯದನ್ನು ಕಿತ್ತು, ಬೆನ್ನನ್ನೂ ನೋಡದೆ ಅವನ ಕಸದ ಡಬ್ಬಿಗೆ ಹಾಕಿದೆ. ಕಾರ್ಖಾನೆ ಮುಚ್ಚುವ ದಿನ ನಮ್ಮ ಲೈನಿನವರಿಗೆಲ್ಲ ಒಂದೊಂದು ತಗಡಿನ ಡಬ್ಬಿಯಲ್ಲಿ ಉಳಿದ ಪೀಸುಗಳನ್ನು ಕೊಟ್ಟಿದ್ದರು. ನನ್ನ ಡಬ್ಬಿ ಬೀರುವಿನಲ್ಲಿ ಹಾಗೆಯೇ ಇತ್ತು. ಹೋಗಿ ತಂದೆ. ಅದರಲ್ಲಿ ಎರಡು ಮೆಗ್‌ನ ಪೀಸು ಒಂದಿತ್ತು, ಮೆಷಿನ್ನಿನದು ಒಂದು ಮೆಗ್. ಪೀಸು ಕರೆಂಟನ್ನು ಎಷ್ಟು ತಡೆಯುತ್ತದೆ ಎನ್ನುವ ಅಳತೆ ಅದು. ಹೆಚ್ಚಿದ್ದರೆ ತೊಂದರೆಯಿಲ್ಲ ಎಂದು ಅವನು ಗಿರಾಕಿಯ ಜೊತೆ ಮಾತಾಡುತ್ತಲೇ ಹೇಳಿದ. ನಾನೇ ಬೆಸುಗೆ ಹಾಕಿದೆ. ಇಷ್ಟು ವರ್ಷವಾದರೂ ಕೈ ಕೆಲಸ ಮರೆತಿರಲಿಲ್ಲ. ಬೆರಳಲ್ಲಿ ಹಿಡಿದು ಒಂದೇ ಏಟಿಗೆ ಈ ತುದಿಯಿಂದ ಆ ತುದಿಗೆ ತಿರುಗಿಸಿದೆ. ಪಟ್ಟಿ ಪರದೆಯ ಆ ಗೋಡೆಯಿಂದ ಈ ಗೋಡೆಗೆ ಬೆಣ್ಣೆಯ ಹಾಗೆ ಜಾರಿತು. ನಡುಕವೇ ಇಲ್ಲ.

"ನೋಡ್ಲಾ, ನಮ್ ಲೈನಿನ ಮಾಲು" ಎಂದೆ. ಹೆಮ್ಮೆ ತಡೆಯಲಾಗಲಿಲ್ಲ.

ಮೆಷಿನ್ನನ್ನು ಬ್ಯಾಗಿಗೂ ಟಿವಿಯನ್ನು ಹಳೇ ಸೀರೆಗೂ ಕಟ್ಟಿಕೊಂಡು ತಿ. ನರಸೀಪುರದ ಬಸ್ಸು ಹತ್ತಿದೆ. ಟಿವಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ್ದೆ.

"ಅಜ್ಜಿ, ನಿಮಗೆ ಫ್ರೀ. ಇವರಿಗೆ?" ಎಂದರು ಕಂಡಕ್ಟರ್, ಟಿವಿ ಕಡೆ ಕೈ ತೋರಿಸಿ.

"ಸೀರೆ ಉಟ್ಟದೆ, ಕಾಣಲ್ವ ಸಾ?"

ಹಿಂದಿನ ಸೀಟಿನವರೆಲ್ಲ ನಕ್ಕರು. ಕಂಡಕ್ಟರೂ ನಕ್ಕು, ಅದನ್ನು ಇಳಿಸಿ ಕಾಲಬಳಿ ಇಡಿಸಿ ಮುಂದೆ ಹೋದರು.

ಮಗಳ ಮನೆಯಲ್ಲಿ ನನಗೆ ಒಂದು ದಿನದ ಕೆಲಸವಾಯಿತು. ನಾಬನ್ನು ಬೆರಳಿನಿಂದ ತಿರುಗಿಸಿದರೆ ಬೆರಳಿಗೆ ವ್ಯಾಯಾಮ, ಮುಂಗೈಗಲ್ಲ. ಹಾಗಾಗಿ ಮರದ ಒಂದು ಡಬ್ಬಕ್ಕೆ ತೂತು ಕೊರೆದು ಕಂಟ್ರೋಲನ್ನು ಕೂರಿಸಿದೆ. ಹಳೇ ಲಟ್ಟಣಿಗೆಯಿಂದ ಗೇಣುದ್ದ ಕೊಯ್ದು, ಮಧ್ಯಕ್ಕೆ ತೂತು ಹೊಡೆದು, ಕಂಟ್ರೋಲಿನ ಕಡ್ಡಿಗೆ ಅಡ್ಡಲಾಗಿ ಸ್ಕ್ರೂ ಬಿಗಿದೆ. ಮುಷ್ಟಿಯಲ್ಲಿ ಹಿಡಿದು ಹೊರಳಿಸಿದರೆ ಇಡೀ ಮುಂಗೈ ತಿರುಗಬೇಕು. ಹಿಡಿಯನ್ನು ಕಂಟ್ರೋಲಿನ ಶುರುವಿನ ತುದಿಗೆ ಹೊಂದಿಸಿದೆ. ರೇಡಿಯೋ ಹಚ್ಚುವುದು ಅಲ್ಲಿಂದ ತಾನೆ.

ಮೊಮ್ಮಗಳು ಶಾಲೆಯಿಂದ ಬಂದವಳು ಟಿವಿ ನೋಡಿ ಬ್ಯಾಗು ಬಿಸಾಡಿ ಕೂತಳು. ಎಡಗೈಯಲ್ಲಿ ಒಮ್ಮೆ ತಿರುಗಿಸಿ, ಪಟ್ಟಿ ಓಡಿದ್ದು ನೋಡಿ, "ಅಜ್ಜಿ, ಇದು ನೀನೇ ಮಾಡಿದ್ದಾ?" ಎಂದಳು. ಆಮೇಲೆ ಬಲಗೈ ಇಟ್ಟಳು. ತುಟಿ ಕಚ್ಚಿಕೊಂಡು ಹೊರಳಿಸಿದಳು. ಅವಳ ಕೈಗೆ ಸಾಧ್ಯವಿದ್ದದ್ದು ಗಡಿಯಾರದ ಐದು ನಿಮಿಷದಷ್ಟು ತಿರುಗು. ಪಟ್ಟಿ ಎರಡು ಬೆರಳಗಲ ಸರಿದು ನಿಂತುಬಿಟ್ಟಿತು. ಚೆಂಡು ಆ ಕಡೆ ಬಿತ್ತು. ಮತ್ತೆ ಹೊರಳಿಸಿದಳು, ಮತ್ತೆ ಎರಡು ಬೆರಳು. ಐದು ಚೆಂಡೂ ಹೋದವು.

"ಇದೂ ನನ್ ಕೈ ತರಾನೇ ಕಣಜ್ಜಿ. ಬೇಡ" ಎಂದು ಎದ್ದು ಹೋದಳು.

ಅವಳು ಅಳಲಿಲ್ಲ, ಅದೇ ನನಗೆ ಹೆಚ್ಚು ನೋಯಿಸಿತು. ಮಗಳು ಟಿವಿಯ ಮೇಲೆ ಬಟ್ಟೆ ಹೊದಿಸಿದಳು. ನಾನು ಬಟ್ಟೆ ಸರಿಸಿ, ಡಬ್ಬದ ಮುಂದೆ ಕೂತು ನಿಧಾನವಾಗಿ ತಿರುಗಿಸಿ ನೋಡಿದೆ. ಅಂಗಡಿಯಲ್ಲಿ ಒಂದೇ ಏಟಿಗೆ ತಿರುಗಿಸಿದಾಗ ಕಾಣದಿದ್ದದ್ದು ಈಗ ಕಂಡಿತು. ಮೊದಲ ಅರ್ಧ ತಿರುಗಿಗೆ ಪಟ್ಟಿ ತೆವಳುತ್ತಿತ್ತು, ಅರ್ಧ ದಾಟಿದ ಮೇಲೆ ಓಟವೋ ಓಟ. ಅಂಗಡಿಯ ಹುಡುಗನಿಗೆ ಫೋನ್ ಮಾಡಿ ಕಂಡದ್ದನ್ನು ಹೇಳಿದೆ.

"ಅಕ್ಕೋ, ಯಾವ ಮುದ್ರೆ ಅದು?"

"ನಮ್ದೇ ಕಣೋ. ಎ."

ಆ ಕಡೆಯಿಂದ ನಗು ಕೇಳಿಸಿತು.

"ನಾನೂ ನೋಡ್ಲಿಲ್ಲವಲ್ಲಕ್ಕ. ಎ ಅಂದ್ರೆ ಕಿವಿಗೆ ಬೇಕಾದಂಗೆ ಮಾಡಿರೋದು. ಮೊದ್ಲರ್ಧ ಚೂರುಚೂರೇ ಬದಲಾಯ್ತದೆ, ಉಳಿದರ್ಧ ದಬದಬ ಅಂತ. ಹಂಗಿದ್ರೇನೇ ಕಿವಿಗೆ ಸದ್ದು ಸಮವಾಗಿ ಏರಿದಂಗೆ ಕೇಳೋದು. ಬಿ ಅಂದ್ರೆ ಉದ್ದಕ್ಕೂ ಒಂದೇ ಸಮ. ಆಟದ ಮೆಷಿನ್ನಿಗೆ ಕಿವಿ ಎಲ್ಲಿ ಬಂತು? ಅದಕ್ಕೆ ಬಿ ಬೇಕು. ನೀನು ಬಿಸಾಕಿದ್ದು ಬಿ ಇರ್ಬೇಕು."

ಅಷ್ಟು ವರ್ಷ ಹೊಡೆದ ಮುದ್ರೆಯ ಅರ್ಥ ನನಗೆ ಅವತ್ತು ತಿಳಿಯಿತು. ನಾಚಿಕೆ ಆಗಬೇಕಿತ್ತೇನೋ, ಆಗಲಿಲ್ಲ. ನಾನು ಮುದ್ರೆ ಹೊಡೆದ ಪೀಸಿನಿಂದ ಯಾರದೋ ಮನೆಯ ರೇಡಿಯೋ ಮಲಗಿದ ಕೂಸು ಬೆಚ್ಚದ ಹಾಗೆ ಮೆಲ್ಲಗೆ ಶುರುವಾಗುತ್ತಿತ್ತು ಎಂದರೆ ಅದು ಸಣ್ಣ ಕೆಲಸವಲ್ಲ.

ಮಾರನೇ ದಿನ ಕಂಟ್ರೋಲನ್ನು ಬಿಚ್ಚಿಕೊಂಡು ನಂಜನಗೂಡಿಗೆ ಬಂದೆ. ಅವನು ಹೊಸ ಬಿ ಪೀಸನ್ನು ತರಿಸಿಕೊಡುತ್ತೇನೆ ಎಂದ. ನಾನು ಸ್ವಲ್ಪ ಇರು ಎಂದೆ. ಬಿ ಹಾಕಿದರೂ ಅವಳ ಐದು ನಿಮಿಷದ ತಿರುಗಿಗೆ ಪಟ್ಟಿ ಎಷ್ಟು ಸರಿದೀತು? ಅವನು ನಂಬರಿನ ಕ್ಯಾಸೆಟ್ ನೋಡಿ ಬಲ್ಲವನು, ಮನಸ್ಸಿನಲ್ಲೇ ಲೆಕ್ಕ ಹಾಕಿ, "ಪರದೆಯ ಐದರಲ್ಲಿ ಒಂದು ಪಾಲು" ಎಂದ. ಅಷ್ಟಕ್ಕೆ ಅವಳು ಕೂರುವುದಿಲ್ಲ. ನೋವು ತಿಂದದ್ದಕ್ಕೆ ಕಣ್ಣಿಗೆ ಏನಾದರೂ ಕಾಣಬೇಕು.

ಅವನ ಮುಳ್ಳಿನ ಮೀಟರ್ ಇಸಿದುಕೊಂಡೆ. ಕಂಟ್ರೋಲಿನ ಸುತ್ತ ಪೆನ್ನಿನಿಂದ ಹತ್ತು ಗೆರೆ ಹಾಕಿ, ಒಂದೊಂದು ಗೆರೆಗೂ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಪೇಪರಿನಲ್ಲಿ ಬರೆದೆ. ಮೊದಲ ಐದು ಗೆರೆ, ಪೇಟೆಯೊಳಗೆ ಸಿಕ್ಕಿಕೊಂಡ ಬಸ್ಸು. ಕೊನೆಯ ಐದು ಗೆರೆ, ಅದೇ ಬಸ್ಸು ಊರು ದಾಟಿದ ಮೇಲೆ. ಪೇಪರ್ ನೋಡುತ್ತಾ ಕೂತಾಗ ಕಾರ್ಖಾನೆಯ ಉಲ್ಟಾ ಪೀಸುಗಳು ನೆನಪಾದವು. ಒಮ್ಮೊಮ್ಮೆ ಯಾರದೋ ಕೈತಪ್ಪಿ ಕಾರ್ಬನ್ ಪಟ್ಟಿ ತಿರುವುಮುರುವಾಗಿ ಕೂತುಬಿಡುತ್ತಿತ್ತು. ಟೆಸ್ಟಿಂಗ್ ಮೇಜಿನಲ್ಲಿ ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಸ್ಪೀಕರು ಕಿರುಚಿಕೊಳ್ಳುತ್ತಿತ್ತು. ಎಲ್ಲರೂ ಬೆಚ್ಚಿ ಬೀಳುತ್ತಿದ್ದೆವು. ಸೀದಾ ಕೆಂಪು ಡಬ್ಬ.

"ಲೋ, ಉಲ್ಟಾ ಪೀಸು ನೆನಪೈತಾ?"

"ಮರೆಯೋಕಾಯ್ತದಾ? ನನ್ ಕಿವಿ ಹೋಗಿದ್ದೇ ಅದ್ರಿಂದ."

"ಈಗ ನಮಗೆ ಬೇಕಾದದ್ದೇ ಅದು. ಒಂಚೂರು ತಿರುಗ್ಸಿದ್ರೆ ಜಾಸ್ತಿ ಓಡೋದು. ಮೂರು ಕಾಲಲ್ಲಿ ನಾವು ನಡೂದು, ಈ ತುದೀದು ಹಿಡ್ದಿದ್ದೀವಿ. ವೈರನ್ನ ಆ ತುದಿ ಕಾಲಿಗೆ ಹಾಕಿ, ಹಿಡೀನ ಆ ಕಡೆ ತುದಿಯಿಂದ ಶುರು ಮಾಡಿದ್ರೆ?"

ಅವನು ಪೇಪರ್ ಕೈಗೆತ್ತಿಕೊಂಡು, ಕೆಳಗಿನಿಂದ ಮೇಲಕ್ಕೆ ಓದಿದ. ಒಂದು ಮೆಗ್ ಬದಲು ಎರಡು ಮೆಗ್ ಹಾಕಿದ್ದೂ ಈಗ ಅನುಕೂಲಕ್ಕೇ ಬಂತು, ಓಟ ಇನ್ನೂ ಹೆಚ್ಚುತ್ತದೆ ಎಂದ. ಒಂದೇ ಒಂದು ವೈರು. ಬಿಚ್ಚಿ ಆ ಕಾಲಿಗೆ ಅಂಟಿಸಿದೆ. ಬೇರೊಂದು ಮೆಷಿನ್ನಿಗೆ ಸಿಕ್ಕಿಸಿ, ಬಲತುದಿಯಿಂದ ಐದು ನಿಮಿಷದಷ್ಟೇ ತಿರುಗಿಸಿದೆ. ನಂಬರ್ ಸೊನ್ನೆಯ ಹತ್ತಿರದಿಂದ ನೂರಿಪ್ಪತ್ತು ದಾಟಿತು. ಪರದೆಯ ಮೂರರಲ್ಲಿ ಎರಡು ಪಾಲು.

"ಅಕ್ಕ, ಟೆಸ್ಟಿಂಗ್ ಮೇಜಿಗೆ ನೀನು ಬರ್ಬೇಕಿತ್ತು" ಎಂದ ಅವನು.

"ನನ್ನ ಯಾರು ಕರೆದರು?" ಎಂದೆ. ಹೊರಡುವಾಗ ಅವನ ಕಸದ ಡಬ್ಬಿಯನ್ನು ಕೆದಕಿ, ಅವತ್ತು ಬಿಸಾಡಿದ್ದ ಹಳೇ ಪೀಸನ್ನು ಹುಡುಕಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಬೆನ್ನ ಮೇಲೆ ಬಿ ಎಂದೇ ಇತ್ತು.

ಮೊಮ್ಮಗಳನ್ನು ಮತ್ತೆ ಕೂರಿಸುವುದು ವೈರು ಬದಲಾಯಿಸಿದಷ್ಟು ಸುಲಭವಾಗಲಿಲ್ಲ. ಕರೆದರೆ ಬರಲಿಲ್ಲ. ಕೊನೆಗೆ ನಾನೇ ಆಡಲು ಕೂತೆ. ಬೇಕೆಂದೇ ಅಲ್ಲ, ನನಗೆ ನಿಜವಾಗಿಯೂ ಬರುತ್ತಿರಲಿಲ್ಲ. ಚೆಂಡು ಬಿದ್ದಾಗಲೆಲ್ಲ ಅವಳು ಬಾಗಿಲಿಗೆ ಒರಗಿ, "ಅಯ್ಯೋ ಅಜ್ಜಿ, ಆ ಕಡೆ. ಆ ಕಡೆ ಅಂದ್ರೆ ಈ ಕಡೆ ತಿರುಗಿಸ್ತೀಯಲ್ಲ" ಎನ್ನುತ್ತಿದ್ದಳು. ನಾಲ್ಕನೇ ಚೆಂಡಿಗೆ ತಡೆಯಲಾರದೆ ಬಂದು ನನ್ನ ಕೈ ತಳ್ಳಿ ಹಿಡಿ ಹಿಡಿದಳು. ಮುಂಗೈ ಅಷ್ಟೇ ಅಲ್ಲಾಡಿತು. ಪಟ್ಟಿ ಇಷ್ಟುದ್ದ ಓಡಿತು. ಚೆಂಡು ಠಣ್ ಎಂದು ಮೇಲಕ್ಕೆ ಹಾರಿ ಒಂದು ಇಟ್ಟಿಗೆ ಕೆಡವಿತು. ಅವಳು ತನ್ನ ಕೈಯನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದಳು. ಆಮೇಲೆ ಅವತ್ತು ಅವಳನ್ನು ಏಳಿಸಲು ಮಗಳು ಬೈಯಬೇಕಾಯಿತು.

ಡಬ್ಬವನ್ನು ಮೇಡಂ ಬಳಿ ಒಯ್ದು ತೋರಿಸಿದೆ. ಅವರು ತಿರುಗಿಸಿ ನೋಡಿ, ಬಲತುದಿಯಲ್ಲಿ ತಾನಾಗಿಯೇ ತಡೆದು ನಿಲ್ಲುವುದು ಒಳ್ಳೆಯದು, ಕೈ ಮಿತಿ ಮೀರುವುದಿಲ್ಲ ಎಂದರು. ಆಡುತ್ತಿದ್ದ ಮೊಮ್ಮಗಳನ್ನು ಎರಡು ನಿಮಿಷ ನೋಡಿ, "ಇವಳು ಭುಜದಿಂದ ಮೋಸ ಮಾಡ್ತಿದ್ದಾಳೆ" ಎಂದರು. ನಿಜ. ಮೊಣಕೈ ಪಕ್ಕೆಯಿಂದ ರೆಕ್ಕೆಯ ಹಾಗೆ ಎದ್ದಿತ್ತು. ಅವರು ಒಂದು ಟವಲ್ ಮಡಚಿ ಮೊಣಕೈ ಮತ್ತು ಪಕ್ಕೆಯ ನಡುವೆ ಇಟ್ಟು, ಅದು ಬೀಳಬಾರದು ಎಂದರು. ಮನೆಯಲ್ಲಿ ನಾವು ಅದನ್ನು ನಿಯಮವನ್ನಾಗಿ ಮಾಡಿಕೊಂಡೆವು. ಟವಲ್ ಬಿದ್ದರೆ ಆ ಆಟ ಲೆಕ್ಕಕ್ಕಿಲ್ಲ. ಟವಲ್ ಕಾಯುವವಳು ನಾನು.

"ಬಿತ್ತು."

"ಬಿದ್ದಿಲ್ಲ, ಜಾರಿತು ಅಷ್ಟೇ."

"ಜಾರಿದ್ದು ಎಲ್ಲಿಗೆ ಹೋಯ್ತವ್ವ, ಮೇಲಕ್ಕಾ?"

ನಾನು ಮಗಳ ಮನೆಯಲ್ಲೇ ಉಳಿದೆ. ಹಿಡಿಯ ಸುತ್ತ ಡಬ್ಬದ ಮೇಲೆ ಸಣ್ಣ ಸಣ್ಣ ಗೆರೆ ಎಳೆದುಕೊಂಡು, ಎರಡು ಮೂರು ದಿನಕ್ಕೊಮ್ಮೆ ಹಿಡಿಯ ಸ್ಕ್ರೂ ಸಡಿಲಿಸಿ, ಒಂದು ಗೆರೆಯಷ್ಟು ಹಿಂದಕ್ಕೆ ಹೊರಳಿಸಿ ಬಿಗಿಯುತ್ತಿದ್ದೆ. ಅದೇ ಪಟ್ಟಿಯನ್ನು ಗೋಡೆಗೆ ಮುಟ್ಟಿಸಲು ಅವಳ ಕೈ ಒಂದು ಗೆರೆ ಹೆಚ್ಚು ತಿರುಗಬೇಕಾಗುತ್ತಿತ್ತು. ಅವಳಿಗೆ ಹೇಳುತ್ತಿರಲಿಲ್ಲ. ಎರಡನೇ ವಾರ ನನ್ನ ಆಸೆ ಹೆಚ್ಚಾಗಿ ಒಮ್ಮೆಲೇ ಎರಡು ಗೆರೆ ಹಿಂದಿಟ್ಟೆ, ಅವಳೂ ಹಟ ಹಿಡಿದು ಒಂದು ಗಂಟೆ ಆಡಿದಳು. ಬೆಳಿಗ್ಗೆ ಮಣಿಕಟ್ಟು ಊದಿತ್ತು. ಮೇಡಂ ಬೈದದ್ದು ಅವಳಿಗಲ್ಲ, ನನಗೆ. "ಹೊತ್ತಿಗೆ ಇಪ್ಪತ್ತು ನಿಮಿಷ, ದಿನಕ್ಕೆ ಎರಡು ಹೊತ್ತು. ಅಜ್ಜಿ, ಇದು ಪ್ರೊಡಕ್ಷನ್ ಅಲ್ಲ" ಎಂದರು. ಎರಡು ದಿನ ಡಬ್ಬ ಮುಚ್ಚಿಟ್ಟೆವು. ಆಮೇಲೆ ಅರ್ಧರ್ಧ ಗೆರೆ.

ನಾಲ್ಕನೇ ವಾರ ಅವಳು ಇಟ್ಟಿಗೆಗಳನ್ನೆಲ್ಲ ಕೆಡವಿ ಮೊದಲ ಸಲ ಪರದೆ ಖಾಲಿ ಮಾಡಿದಳು. ನಾನು ಕುಣಿಯುವುದೊಂದು ಬಾಕಿ. ಮೇಡಂ ಮಾತ್ರ ನಕ್ಕು ಕೇಳಿದರು.

"ಈ ಗುಂಡಿ ಸ್ವಲ್ಪವನ್ನು ಜಾಸ್ತಿ ಮಾಡಿ ತೋರಿಸುತ್ತೆ ಅಂತ ನೀವೇ ಹೇಳಿದಿರಿ. ಹಾಗಾದರೆ ನಿಜವಾಗಿ ಎಷ್ಟು ತಿರುಗ್ತಿದೆ ಅಜ್ಜಿ? ಡಾಕ್ಟರು ಅದನ್ನು ತಾನೆ ನೋಡೋದು."

ಆ ಪ್ರಶ್ನೆ ನನ್ನೊಳಗೂ ಇತ್ತು, ಕೇಳಿಕೊಳ್ಳಲು ಹೆದರಿದ್ದೆ. ಡಾಕ್ಟರ ದಿನಕ್ಕೆ ಇನ್ನು ನಾಲ್ಕು ದಿನವಿತ್ತು. ಮನೆಗೆ ಬಂದು ಹಳೇ ಬಿ ಪೀಸನ್ನು ತೆಗೆದೆ. ಲೈನಿನಲ್ಲಿ ಒಮ್ಮೆಯೂ ಮಾಡದ ಕೆಲಸವನ್ನು ಮಾಡಿದೆ. ಕೆಟ್ಟ ಪೀಸನ್ನು ಬಿಚ್ಚಿದೆ. ಮುಚ್ಚಳದ ನಾಲ್ಕು ಮಡಿಕೆಗಳನ್ನು ಚಾಕುವಿನ ತುದಿಯಿಂದ ಎತ್ತಿದೆ. ಕಾರ್ಬನ್ ಪಟ್ಟಿಯ ಮೇಲೆ ಬೆರಳು ಓಡಾಡಿ ಓಡಾಡಿ ಒಂದು ಗೀರು ಬಿದ್ದಿತ್ತು, ಎತ್ತಿನ ಗಾಡಿಯ ಜಾಡಿನ ಹಾಗೆ. ಪಟ್ಟಿಯ ಉಳಿದ ಅಗಲವೆಲ್ಲ ಹೊಸದರಂತೆಯೇ ಇತ್ತು. ಅಂಗಡಿಯ ಹುಡುಗ ಕೊಟ್ಟಿದ್ದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಕಪ್ಪು ಪುಡಿ ಒರೆಸಿದೆ. ಚಿಮಟದಿಂದ ಹಿತ್ತಾಳೆ ಬೆರಳನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಬಾಗಿಸಿದೆ, ಹಳೇ ಜಾಡು ಬಿಟ್ಟು ಹೊಸ ನೆಲದ ಮೇಲೆ ಓಡಲಿ ಎಂದು. ಮುಚ್ಚಿ ಮಡಚಿದೆ. ಅವನಿಂದಲೇ ತಂದಿದ್ದ ನಂಬರಿನ ಕ್ಯಾಸೆಟ್ ಹಾಕಿ ನೋಡಿದರೆ, ಕೈ ಬಿಟ್ಟಾಗ ನಂಬರ್ ಕಲ್ಲಿನ ಹಾಗೆ ನಿಂತಿತ್ತು.

ಹಿಡಿಯನ್ನು ಬಿ ಪೀಸಿಗೆ ಬಿಗಿದು ಮೊಮ್ಮಗಳನ್ನು ಕರೆದೆ. ಇದು ಜಾಸ್ತಿ ತೋರಿಸುವುದಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತದೆ, ಹೆಚ್ಚು ಬರದಿದ್ದರೆ ಬೇಜಾರು ಬೇಡ ಎಂದೆ.

"ಅಂದ್ರೆ ಇಷ್ಟು ದಿನದ್ದು ಸುಳ್ಳಾ?"

"ಸುಳ್ಳಲ್ಲ ಕೂಸೇ. ನಿನ್ನ ಕೈ ಮೆಲ್ಲಗೆ ಮಾತಾಡ್ತಿತ್ತು. ಅದು ನಮಗೆ ಕೇಳೋ ಹಂಗೆ ಮಾಡಿದ್ವಿ. ಈಗ ಕೈನೇ ಜೋರಾಗಿ ಹೇಳ್ತದಾ ನೋಡಾನ."

ಟವಲ್ ಇಟ್ಟೆ. ಬಿ ಪೀಸಿನಲ್ಲಿ ಪರದೆಯ ಈ ಗೋಡೆಯಿಂದ ಆ ಗೋಡೆಗೆ ಹೋಗಬೇಕಾದರೆ ಅಂಗೈ ಪೂರ್ತಿ ಕೆಳಗಾಗಿ, ಪೂರ್ತಿ ಮೇಲಾಗಬೇಕು. ಆ ಗೋಡೆಯ ನಂಬರ್ ನೂರ ತೊಂಬತ್ತು, ಈ ಗೋಡೆಯದು ಸೊನ್ನೆ. ಅಂಗೈ ಕೆಳಗೆ ಮಾಡಿ ಹಿಡಿದಳು, ನೂರೆಂಬತ್ತೆಂಟು. ನಿಧಾನವಾಗಿ ಹೊರಳಿಸಿದಳು. ನೂರೈವತ್ತು, ನೂರಿಪ್ಪತ್ತು, ತೊಂಬತ್ತು. ಮಗಳು ಅಡುಗೆಮನೆಯಿಂದ ಬಂದು ನಿಂತಳು. ಐವತ್ತರಲ್ಲಿ ಕೈ ನಿಂತಿತು. ಅವಳು ಒಂದು ಉಸಿರು ಬಿಟ್ಟು ಮತ್ತೆ ಹೊರಳಿಸಿದಳು. ಮೂವತ್ತು. ಇಪ್ಪತ್ತು. ಹದಿನಾಲ್ಕು. ಅಲ್ಲಿಗೆ ಸಾಕು ಎಂದು ನಾನೇ ನಿಲ್ಲಿಸಿದೆ. ಟವಲ್ ಇದ್ದಲ್ಲೇ ಇತ್ತು.

ಮೈಸೂರಿನ ಡಾಕ್ಟರು ಅವರದೇ ಅಳತೆಯಿಂದ ಅಳೆದರು. ಆಪರೇಷನ್ ಮಾತು ಬೇಡ, ಉಳಿದದ್ದು ಆಡುತ್ತಾ ಆಡುತ್ತಾ ಬರುತ್ತದೆ ಎಂದರು. ಏನು ವ್ಯಾಯಾಮ ಮಾಡಿಸಿದಿರಿ ಎಂದು ಕೇಳಿದರು. ಮಗಳು ನನ್ನ ಕಡೆ ನೋಡಿದಳು. ನಾನು ಎ ಪೀಸು, ಬಿ ಪೀಸು ಎಲ್ಲವನ್ನೂ ನಲ್ಲಿಯ ಕೊಡದ ಲೆಕ್ಕದಿಂದ ಶುರು ಮಾಡಿ ಹೇಳಿದೆ. ಹೊರಗೆ ಜನ ಕಾಯುತ್ತಿದ್ದರೂ ಅವರು ಪೂರ್ತಿ ಕೇಳಿಸಿಕೊಂಡರು.

ಅವತ್ತು ಮೈಸೂರಿನಿಂದ ಎಲ್ಲರೂ ನಂಜನಗೂಡಿನ ನಮ್ಮ ಮನೆಗೇ ಬಂದೆವು. ಅವರೆಕಾಳಿನ ಸಾರಿಗಿಟ್ಟೆ. ಕುದಿ ಬಂದಾಗ ಯಾರನ್ನೂ ಕರೆಯಲಿಲ್ಲ. ಒಲೆಯ ಪಕ್ಕ ಹೆಜ್ಜೆ ಸಪ್ಪಳವಾಯಿತು. ತಿರುಗಿದರೆ ಬಲಗೈ ಚಾಚಿಕೊಂಡು ನಿಂತಿದ್ದಳು. ಅಂಗೈ ಮೇಲಾಗಿತ್ತು. ಪೂರ್ತಿ ಮಟ್ಟವಾಗಿರಲಿಲ್ಲ, ಒಂದು ಹದಿನಾಲ್ಕು ಗೆರೆ ವಾಲಿತ್ತು, ಅಷ್ಟೇ. ಊದಿ ಆರಿಸಿ ಒಂದು ತೊಟ್ಟು ಬಿಟ್ಟೆ. ತೊಟ್ಟು ಅಂಗೈಯ ನಡುವೆ ನಿಂತಿತು.

ಅವಳು ನೆಕ್ಕಿದಳು. ಕಣ್ಣು ಮುಚ್ಚಿದಳು. ನಾವೆಲ್ಲ ಕಾದೆವು.

"ಉಪ್ಪು ಕಮ್ಮಿ ಕಣಜ್ಜಿ" ಎಂದಳು.